ಬಾವಿಕಟ್ಟೆಯ ಚಿತ್ರದಲ್ಲಿ ದುರಗವ್ವನ ಜಾಗ

ಹೊಸದಾಗಿ ಕೆಲಸಕ್ಕೆ ಸೇರಿದ ಚಿತ್ರಕಲಾ ಶಿಕ್ಷಕರು ಆಗಾಗ ನನ್ನನ್ನು ಹುಡುಕಿಕೊಂಡು ಕೊಪ್ಪಳದ ಮನೆಗೆ ಬರುತ್ತಾರೆ. ಫೋನಿನಲ್ಲಿ ತಮ್ಮ ಚಿತ್ರಗಳನ್ನು ತೋರಿಸುತ್ತಾರೆ. ಒಂದು ಬದಿ ಕಪ್ಪು, ಒಂದು ಬದಿ ಬಿಳಿ. ಇತ್ತ ಗುಡಿಸಲು, ಅತ್ತ ಮಹಡಿ ಮನೆ. ‘ಸರ್, ಇದು ವೈದೃಶ್ಯ, ಇದು ಸಮತೋಲನ, ಒಟ್ಟಾರೆ ಸಮಾಜದ ಪ್ರತಿಬಿಂಬ’ ಎನ್ನುತ್ತಾರೆ. ನಾನು ಚಹಾ ಕುಡಿಸಿ, ‘ಛಲೋ ತಗದೀರಿ. ಆದರ ಈ ಗುಡಿಸಲದಾಗ ಇರಾಕಿ ಇದನ್ನ ನೋಡಿ ಏನಂದ್ಲು?’ ಎಂದು ಕೇಳುತ್ತೇನೆ. ಫೋನು ಜೇಬಿಗೆ ಹೋಗುತ್ತದೆ. ಕೆಲವರು ಮುನಿಸಿಕೊಂಡೇ ಹೊರಡುತ್ತಾರೆ. ಮುದುಕನಿಗೆ ಹೊಸ ಕಲೆ ತಿಳಿಯುವುದಿಲ್ಲ ಎಂದು ದಾರಿಯಲ್ಲಿ ಅಂದುಕೊಳ್ಳುತ್ತಾರೇನೋ. ಅಂದುಕೊಳ್ಳಲಿ. ನನ್ನ ಕೈಕೆಳಗೆ ಬಣ್ಣ ಕಲಸಿದ ಹುಡುಗರು ಇವತ್ತು ದೊಡ್ಡ ದೊಡ್ಡ ಪ್ರದರ್ಶನಗಳಲ್ಲಿದ್ದಾರೆ; ನನಗೆ ಯಾರ ಸರ್ಟಿಫಿಕೇಟೂ ಬೇಕಾಗಿಲ್ಲ.

ಆದರೂ ಆ ಪ್ರಶ್ನೆ ನಾನೇಕೆ ಕೇಳುತ್ತೇನೆ ಎಂಬುದನ್ನು ಬರೆದಿಡಬೇಕು ಅನ್ನಿಸಿದೆ.

ನಾನು ಡ್ರಾಯಿಂಗ್ ಮಾಸ್ತರನಾಗಿ ಸೇರಿದ್ದು ಎಪ್ಪತ್ತರ ದಶಕದಲ್ಲಿ. ಆಗ ನಮ್ಮದು ರಾಯಚೂರು ಜಿಲ್ಲೆ. ಡ್ರಾಯಿಂಗ್ ಮಾಸ್ತರ ಎಂದರೆ ಶಾಲೆಯಲ್ಲಿ ಏನೆಂದು ತಿಳಿದಿದ್ದೀರಿ? ಗಣಿತದ ಮಾಸ್ತರು ರಜೆ ಹಾಕಿದರೆ ಆ ಕ್ಲಾಸಿನ ಮಕ್ಕಳನ್ನು ಸುಮ್ಮನೆ ಕೂರಿಸುವವನು. ಸಾಹೇಬರು ಬರುವ ದಿನ ಕರಿಹಲಗೆಯ ಮೇಲೆ ‘ಸುಸ್ವಾಗತ’ ಬರೆಯುವವನು. ಊರಿನಲ್ಲಿ ಯಾರದಾದರೂ ಟ್ರ್ಯಾಕ್ಟರು ಬಂದರೆ ಅದರ ಹಿಂದೆ ಮಾಲಕರ ಹೆಸರು, ಎರಡು ಹೂವು, ಒಂದು ನವಿಲು ಬಿಡಿಸಿಕೊಡುವವನು. ಗಂಗಾವತಿಯಲ್ಲಿದ್ದ ಕಾಲದಲ್ಲಂತೂ ಅಕ್ಕಿ ಗಿರಣಿಗಳ ಬೋರ್ಡು ಬರೆದು ಬರೆದು ನನ್ನ ಅಕ್ಷರ ದುಂಡಗಾಗಿಬಿಟ್ಟಿತು. ಅಲ್ಲಿ ಕಾಲುವೆ ನೀರು, ಎಲ್ಲಿ ನೋಡಿದರೂ ಹಸಿರು ಭತ್ತ. ಹಸಿರು ಬಣ್ಣ ತರಿಸಿದಷ್ಟೂ ಮುಗಿಯುತ್ತಿತ್ತು.

ಅಲ್ಲಿಂದ ನನ್ನನ್ನು ಕುಷ್ಟಗಿ ಕಡೆಗೆ ವರ್ಗ ಮಾಡಿದರು. ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದಂತೆ ಹಸಿರು ಮುಗಿದು ಕೆಂಪು ನೆಲ, ಕೆಂಪು ಮುಗಿದು ಕರಿ ನೆಲ ಬಂತು. ಹೊಸ ಶಾಲೆಯಲ್ಲಿ ಬಣ್ಣದ ಡಬ್ಬಿ ಎಂಬುದೇ ಇರಲಿಲ್ಲ. ನಾನು ಕೈಕಟ್ಟಿ ಕೂರುವ ಜಾಯಮಾನದವನಲ್ಲ. ಮಣ್ಣಿಗೆ ಬರವೇ ಎಂದು ಹೊಲದಿಂದ ಎರೆಮಣ್ಣು ತಂದು ನೀರಲ್ಲಿ ಕಲಸಿ, ಶಾಲೆಯ ಸುಣ್ಣದ ಗೋಡೆಯ ಮೇಲೆ ಜೋಡೆತ್ತಿನ ಚಿತ್ರ ಬರೆದುಬಿಟ್ಟೆ. ಏನು ಕಪ್ಪು, ಏನು ಮೈಕಟ್ಟು! ಊರಿನವರೆಲ್ಲ ಬಂದು ನೋಡಿ ತಲೆದೂಗಿದರು. ಬಿಸಿಲಿಗೆ ಒಣಗಿದ ಮೇಲೆ ಎರೆಹೊಲ ಬಿರಿದ ಹಾಗೆಯೇ ಚಿತ್ರವೂ ಬಿರಿಯಿತು. ಒಂದು ಎತ್ತಿನ ಕೊಂಬು ಉದುರಿತು, ಆಮೇಲೆ ಕಿವಿ, ಆಮೇಲೆ ಇಡೀ ತಲೆ. ಅಲ್ಲಿಯ ಹೆಡ್ ಮಾಸ್ತರು ಗೋಡೆಯ ಮುಂದೆ ನಿಂತು, ‘ಮಾಸ್ತರ, ನಿಮ್ಮ ಎತ್ತಿಗೆ ಬ್ಯಾನಿ ಬಂದೈತಿ. ದನದ ಡಾಕ್ಟರನ್ನ ಕರೀರಿ’ ಎಂದರು.

ನಾನೂ ನಕ್ಕೆ. ಆದರೆ ಬಿಡಲಿಲ್ಲ. ಮಣ್ಣನ್ನು ಹಂಚಿನ ಮೇಲೆ ಹುರಿದು, ಅರೆದು, ಬಟ್ಟೆಯಲ್ಲಿ ಸೋಸಿ, ಹುಣಸೆ ಬೀಜದ ಅಂಟು ಕೂಡಿಸಿ ನೋಡಿದೆ. ಮತ್ತೆ ಕೆಡಿಸಿದೆ, ಮತ್ತೆ ಮಾಡಿದೆ. ಕೊನೆಗೆ ಕೈಯಿಂದ ತಿಕ್ಕಿದರೂ ಏಳದ ಬಣ್ಣ ಸಿಕ್ಕಿತು. ಎರೆಯಿಂದ ಕಪ್ಪು, ಮಸಾರಿ ಮಣ್ಣಿನಿಂದ ಕೆಂಪು, ಸುಣ್ಣದ ಬಿಳಿ, ಬಟ್ಟೆಗೆ ಹಾಕುವ ನೀಲಿ ಪುಡಿಯಿಂದ ನೀಲಿ. ಈಗಿನವರಿಗೆ ಟ್ಯೂಬು ಹಿಂಡಿದರೆ ಬಣ್ಣ ಬರುತ್ತದೆ, ಒಳ್ಳೆಯದೇ. ನಾನು ಮಾತ್ರ ಈ ಮಣ್ಣಿನ ಬಣ್ಣದಿಂದಲೇ ಹೆಸರು ಮಾಡಿದೆ. ಆ ಹೆಸರೇ ಮುಂದಿನ ಕಥೆಗೆ ಕಾರಣವಾಯಿತು.

ಕುಷ್ಟಗಿಯಿಂದ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆ. ಕುಕನೂರಿನ ಸಂತೆಗೆ ನಡೆದು ಹೋಗುವಷ್ಟು ದೂರದ ಊರು, ಹೆಸರು ಬೇಡ. ಅಲ್ಲಿಯ ಗೌಡರು ಶಾಲೆಗೆ ಜಾಗ ಕೊಟ್ಟವರು. ಗಟ್ಟಿ ದನಿಯ, ಮಾತಿಗೆ ತಪ್ಪದ ಮನುಷ್ಯ ಎಂದು ಸುತ್ತಲ ಹತ್ತು ಹಳ್ಳಿಯಲ್ಲಿ ಹೆಸರಿತ್ತು. ಶಾಲೆಗೆ ಇನ್ನೆರಡು ಕೋಣೆ ಮಂಜೂರು ಮಾಡಿಸಬೇಕೆಂದು ಓಡಾಡುತ್ತಿದ್ದರು. ವಾರ್ಷಿಕೋತ್ಸವಕ್ಕೆ ಕೊಪ್ಪಳದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಅವರ ಕಣ್ಣಿಗೆ ಬೀಳುವಂತೆ ಮುಂದಿನ ಗೋಡೆಯ ತುಂಬ ನಮ್ಮೂರಿನ ಚಿತ್ರ ಬರೆಯಿರಿ ಎಂದು ಗೌಡರೇ ನನಗೆ ಹೇಳಿದರು. ನಮ್ಮ ಹೆಡ್ ಮಾಸ್ತರು ಶರಣಪ್ಪನವರು, ಪಾಪ, ನೆರಳಿಗೂ ದಾರಿ ಬಿಡುವ ಸ್ವಭಾವದವರು. ‘ಗೌಡ್ರು ಹೇಳ್ಯಾರಂದ್ರ ಬರೀರಿ ಮಾಸ್ತರ. ಆದ್ರ ಗೌಡ್ರು ಹೇಳಿದ್ದನ್ನ ಅಷ್ಟಾ ಬರೀರಿ’ ಎಂದರು.

ನಮ್ಮೂರು ಎಂದರೆ ನನಗೆ ಕಂಡದ್ದು ಊರ ನಡುವಿನ ಸೇದುವ ಬಾವಿ. ಬೆಳಗಾದರೆ ಊರೆಲ್ಲ ಅಲ್ಲಿರುತ್ತಿತ್ತು. ರಾಟೆಯ ಗಾಲಿಯ ಕಿರುಗುಟ್ಟುವ ಸದ್ದು, ಕೊಡಗಳ ಸಾಲು, ಹೆಂಗಸರ ಮಾತು, ನಗು. ಕಟ್ಟೆಯಿಂದ ಆಚೆ, ಒಂದು ಬೇವಿನ ಗಿಡದ ಹತ್ತಿರ, ಊರಾಚೆಯ ಕೇರಿಯ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ನಿಂತಿರುತ್ತಿದ್ದರು. ಅವರು ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಮನಸ್ಸು ಮಾಡಿ ಎತ್ತರದಿಂದ ನೀರು ಹೊಯ್ಯುವವರೆಗೆ ಕಾಯಬೇಕು. ಯಾರಿಗೂ ಮನಸ್ಸಾಗದಿದ್ದರೆ ಬಿಸಿಲು ಏರುವವರೆಗೂ ಕಾಯಬೇಕು. ನನಗೆ ಆ ಬಾವಿಯಲ್ಲಿ ಸೇದಲು ಅಡ್ಡಿ ಇರಲಿಲ್ಲ. ದಿನವೂ ನನ್ನ ಕೊಡ ತುಂಬಿಕೊಂಡು, ಸಾಧ್ಯವಾದಾಗ ಅವರ ಕೊಡಕ್ಕೂ ಹೊಯ್ದು ಬರುತ್ತಿದ್ದೆ.

ನಾನು ಅದನ್ನೇ ಬರೆದೆ. ಗೋಡೆಯ ಎಡಕ್ಕೆ ಬಾವಿ, ಅದರ ಸುತ್ತ ಜನವೋ ಜನ, ಕೆಂಪು ನೀಲಿ ಸೀರೆಗಳು. ನಡುವೆ ದೊಡ್ಡ ಬಯಲು, ಬರೀ ಸುಣ್ಣದ ಬಿಳಿ. ಬಲ ತುದಿಯಲ್ಲಿ ಎರೆಮಣ್ಣಿನ ಕಪ್ಪಿನಲ್ಲಿ ಒಬ್ಬಳೇ ಹೆಂಗಸು, ಕಾಲ ಬಳಿ ಖಾಲಿ ಕೊಡ. ಕಲ್ಲಿನ ಮೇಲೆ ಹಲಗೆ ಇಟ್ಟು ಮಕ್ಕಳು ಏರಿಳಿಯುವ ಆಟ ಆಡುತ್ತಾರಲ್ಲ, ಅಲ್ಲಿ ದಪ್ಪ ಹುಡುಗ ನಡುವಿಗೆ ಹತ್ತಿರ ಕೂತರೆ ಸಣಕಲನನ್ನು ತುದಿಗೆ ಕೂರಿಸಬೇಕು. ಹಾಗೆ, ಆ ಒಬ್ಬಳು ಇಡೀ ಗುಂಪನ್ನು ತೂಗುತ್ತಿದ್ದಳು. ಇಷ್ಟು ಒಳ್ಳೆಯ ಚಿತ್ರ ನಾನು ಅದುವರೆಗೆ ಬರೆದಿರಲಿಲ್ಲ. ಆಕೆಯ ಮುಖಕ್ಕೆ ನನಗೆ ಎದುರಿಗೇ ಸಿಕ್ಕ ಮುಖ ದುರಗವ್ವನದು. ದುರಗವ್ವ ಕೇರಿಯವಳು; ಶಾಲೆಯ ನೆಲ ಸಾರಿಸಲು, ಗೋಡೆ ಮೆತ್ತಲು ಕೂಲಿಗೆ ಬರುತ್ತಿದ್ದಳು. ನನ್ನ ಬಣ್ಣಕ್ಕೆ ಬುಟ್ಟಿಗಟ್ಟಲೆ ಮಸಾರಿ ಮಣ್ಣು ತಂದು ಹಾಕಿದವಳೂ ಅವಳೇ.

ಚಿತ್ರ ಮುಗಿಯುವ ಹೊತ್ತಿಗೆ ಗೌಡರು ಬಂದರು. ಬಾವಿಯ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಬಲಕ್ಕೆ ತಿರುಗಿದಾಗ ನಗು ಇಳಿಯಿತು.

‘ಈಕಿ ಯಾರ್ರೀ ಇಲ್ಲಿ?’

‘ನೀರಿಗೆ ನಿಂತಾಕಿ ರೀ.’

‘ಅದು ಕಾಣ್ತೈತಿ. ಸಾಹೇಬ್ರು ಬರೂ ಹೊತ್ತಿನಾಗ ಇದನ್ಯಾಕ ತೋರಸೂದು? ಅಳಿಸಿಬಿಡ್ರಿ.’

ನಾನು ಕಲಾವಿದನ ಗತ್ತಿನಲ್ಲೇ ಉತ್ತರ ಕೊಟ್ಟೆ. ‘ಆಕೀನ ತಗದ್ರ ಚಿತ್ರ ಒಂದ ಕಡೆ ವಾಲ್ತೈತ್ರಿ ಗೌಡ್ರ. ಬೇಕಾದ್ರ ನಿಮ್ಮ ವಲ್ಲೀಲೆ ಆಕೀನ ಮುಚ್ಚಿ ನೋಡ್ರಿ.’

ಗೌಡರು ಹೆಗಲ ಮೇಲಿನ ವಲ್ಲಿ ತೆಗೆದು ಆ ಮೂಲೆಗೆ ಅಡ್ಡ ಹಿಡಿಸಿ, ಹಿಂದೆ ಸರಿದು ನೋಡಿದರು. ಬಂಡಿಗೆ ಹೇರು ಹೇರಿಸಿದ ಕಣ್ಣು ಅವರದು. ‘ಖರೆ, ವಾಲ್ತೈತಿ’ ಎಂದು ಒಪ್ಪಿಕೊಂಡರು. ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ, ‘ಹಂಗಾದ್ರ ಆ ಜಾಗಾದಾಗ ಒಂದು ಎತ್ತು ಬರೀರಿ. ಎತ್ತಿಗೆ ತೂಕ ಇಲ್ಲೇನು?’ ಎಂದು ಹೇಳಿ, ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದರು.

ನಾನು ಹಟಕ್ಕೆ ಬಿದ್ದೆ. ಎತ್ತು ಅಲ್ಲಿ ಹೊಂದುವುದಿಲ್ಲ ಎಂದು ತೋರಿಸಬೇಕಿತ್ತು. ಹಳೆಯ ಪೇಪರಿನಲ್ಲಿ ಎತ್ತು ಕತ್ತರಿಸಿ, ಕರಿ ಬಳಿದು, ಗಂಜಿ ಹಚ್ಚಿ ಆಕೆಯ ಮೇಲೆ ಅಂಟಿಸಿದೆ. ದೂರ ನಿಂತು ನೋಡಿದರೆ ಚಿತ್ರ ಒಂದಿಷ್ಟೂ ವಾಲಲಿಲ್ಲ. ಇನ್ನೂ ಗಟ್ಟಿಯಾಗಿ ನಿಂತಿತು. ನನಗೆ ಮೈಯೆಲ್ಲ ಉರಿದುಹೋಯಿತು. ಕಲಿತ ವಿದ್ಯೆಯೆಲ್ಲ ಹೇಳುತ್ತಿದ್ದದ್ದು ಇಷ್ಟೇ: ಆ ತುದಿಗೆ ಒಂದು ಕರಿ ಭಾರ ಬೇಕು. ಅದು ಹೆಂಗಸೋ ಎತ್ತೋ ಎಂಬುದು ಆ ವಿದ್ಯೆಗೆ ಬೇಡವಾಗಿತ್ತು. ಗಟ್ಟಿಯಾಗಿ ‘ಎತ್ತು ನೀರು ಕುಡಿದ ಬಾವ್ಯಾಗ ಆಕಿ ಸೇದೂ ಹಂಗಿಲ್ಲ, ಅದಕ್ಕ ಬರ್ದೀನಿ’ ಎಂದು ಹೇಳುವುದನ್ನು ಬಿಟ್ಟು ನಾನು ತೂಕದ ಮಾತಾಡಿದ್ದೆ; ಗೌಡರು ತೂಕದಿಂದಲೇ ನನ್ನನ್ನು ಮಣಿಸಿದ್ದರು.

ಮರುದಿನ ಬೆಳಿಗ್ಗೆ ನೆಲ ಸಾರಿಸಲು ಬಂದ ದುರಗವ್ವ ಗೋಡೆಯ ಮುಂದೆ ಸೆಗಣಿ ಬುಟ್ಟಿ ಇಳಿಸಿ ನಿಂತಳು. ಪೇಪರಿನ ಎತ್ತಿನ ಅಂಚಿನಿಂದ ಅವಳ ಸೀರೆಯ ಸೆರಗು ಇಣುಕುತ್ತಿತ್ತು. ನಾನು ನಡೆದದ್ದೆಲ್ಲ ಹೇಳಿ, ‘ಹೆದರಬ್ಯಾಡ ದುರಗವ್ವಾ, ಈ ಎತ್ತು ಕಿತ್ತು ಒಗೀತೀನಿ. ನೀ ಇಲ್ಲೇ ಇರ್ತಿ. ನೋಡ್ತೀನಿ ಯಾರು ಅಳಸ್ತಾರ’ ಎಂದು ಎದೆಯುಬ್ಬಿಸಿದೆ. ಅವಳಿಗೆ ಸಂತೋಷವಾಗುತ್ತದೆ ಎಂದೇ ನನ್ನ ಲೆಕ್ಕ.

‘ಯಾಕ್ರೀ ಕೀಳ್ತೀರಿ? ಎತ್ತು ಛಲೋ ಐತಿ. ಹಂಗಾ ಬಿಡ್ರಿ’ ಎಂದಳು.

‘ಮತ್ತ ನೀನು?’

‘ದಿನಾ ಬೆಳಗಾದ್ರ ಅಲ್ಲಿ ನಿಂತೂ ನಿಂತೂ ಕಾಲು ಬಿದ್ದು ಹೋಗ್ಯಾವು. ಯಾರರ ಹೊಯ್ದ ಮ್ಯಾಲೆ ಮನಿಗೆ ಹೋಗಾಕರ ಬರ್ತೈತಿ. ನೀವು ಇಲ್ಲಿ ಕಾಯಂ ನಿಂದ್ರಿಸಿಬಿಟ್ಟೀರಲ್ಲ ಯಪ್ಪಾ. ನಾ ಸತ್ತ ಮ್ಯಾಲೂ ಇಲ್ಲೇ ನಿಂದ್ರಬೇಕೇನು? ನನ್ನ ಮೊಮ್ಮಕ್ಕಳು ಇದಾ ಸಾಲಿಗೆ ಕಲಿಯಾಕ ಬಂದು ನೋಡಬೇಕೇನು, ನಮ್ಮಾಯಿ ಇನ್ನೂ ನಿಂತಾಳಂತ?’

‘ಹಂಗಾದ್ರ ನಿನ್ನ ಎಲ್ಲಿ ಬರೀಲಿ?’ ಎಂದೆ. ಅವಳು ಸೆಗಣಿ ಮೆತ್ತಿದ ಕೈಯನ್ನೇ ಎತ್ತಿ ಎಡಕ್ಕೆ, ಬಾವಿಯ ಗಾಲಿಯ ಕಡೆ ತೋರಿಸಿದಳು.

‘ಅಲ್ಲಿ. ಹಗ್ಗ ಹಿಡದಂಗ.’

‘ಊರಾಗ ಗದ್ಲ ಆದೀತು. ಮುಖ ಬ್ಯಾರೆ ಮಾಡ್ತೀನಿ, ನಿನ್ನ ಗುರುತು ಹತ್ತಬಾರದು.’

‘ಮಾರಿ ನಂದಾ ಇರ್ಲಿ’ ಎಂದು ಹೇಳಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಆಗ ಗೌಡರು ಯಾವುದೋ ಖಟ್ಲೆಗಾಗಿ ಕೊಪ್ಪಳದ ಕೋರ್ಟಿಗೆ ಹೋಗಿ ಅಲ್ಲೇ ಉಳಿದಿದ್ದರು. ಗೋಡೆಗೆ ತಾಡಪತ್ರಿ ಕಟ್ಟಿಸಿ, ಅದರ ಹಿಂದೆ ಕೂತು ನಾನು ಎಲ್ಲವನ್ನೂ ಬದಲಿಸಿದೆ. ಬಲ ತುದಿಗೆ ಗೌಡರ ಎತ್ತನ್ನು ನಿಜವಾಗಿ ಬರೆದೆ. ದುರಗವ್ವನನ್ನು ಗುಂಪಿನ ನಡುವೆ, ಗಾಲಿಯ ಕೆಳಗೆ, ಎರಡೂ ಕೈಯಲ್ಲಿ ಹಗ್ಗ ಜಗ್ಗುತ್ತ, ಮುಖ ನೋಡುವವರ ಕಡೆ ತಿರುಗಿಸಿ ನಿಲ್ಲಿಸಿದೆ. ಕೆಂಪು ನೀಲಿಯ ನಡುವೆ ಅವಳೊಬ್ಬಳೇ ಎರೆಯ ಕಪ್ಪು. ಹಾಗೆ ಮಾಡಿದಾಗ ಎಡಗಡೆ ಭಾರವಾಯಿತು. ಅದಕ್ಕೆ ಎತ್ತನ್ನು ಇನ್ನಷ್ಟು ದಪ್ಪ ಮಾಡಿದೆ. ಊರಿನಲ್ಲಿ ಅಂಥ ಮೇವು ತಿಂದ ಎತ್ತು ಒಂದೂ ಇರಲಿಲ್ಲ.

ತಾಡಪತ್ರಿ ಸರಿಸಿ ನೋಡಿದ ಹೆಡ್ ಮಾಸ್ತರು ಬೆವತುಹೋದರು. ‘ಮಾಸ್ತರ, ನಿಮ್ಮನ್ನ ಎಲ್ಲಿಗರ ಒಗೀತಾರ ನೋಡ್ರಿ. ಕೂಡ ನನ್ನನ್ನೂ.’

‘ಒಗದಲ್ಲಿ ಗ್ವಾಡಿ ಇರ್ತಾವ ಬಿಡ್ರಿ ಸರ್’ ಎಂದೆ. ನನ್ನ ಬಗ್ಗೆ ನನಗೆ ಆಗ ಹೆದರಿಕೆಯೇ ಇರಲಿಲ್ಲ. ಇದ್ದದ್ದು ದುರಗವ್ವನ ಬಗ್ಗೆ. ನನ್ನನ್ನು ವರ್ಗ ಮಾಡಬಹುದು, ಅವಳು ಎಲ್ಲಿಗೆ ಹೋಗುತ್ತಾಳೆ? ಅವಳನ್ನು ಕರೆದು, ಈಗಲೂ ಬೇಡವೆಂದರೆ ಅಳಿಸುತ್ತೇನೆ ಎಂದು ಹೇಳಿದೆ. ಅವಳು ಚಿತ್ರದ ಹತ್ತಿರ ಹೋಗಿ, ಹಗ್ಗ ಹಿಡಿದ ಕೈಗಳನ್ನು ನೋಡಿ, ‘ಬಳಿ ಬರೀಲಿಲ್ಲಲ್ರಿ’ ಎಂದಳು ಅಷ್ಟೆ. ಎಲೆ ಅರೆದು ರಸ ತೆಗೆದು ಹಸಿರು ಬಳೆ ಬರೆದುಕೊಟ್ಟೆ.

ವಾರ್ಷಿಕೋತ್ಸವದ ದಿನ ಗೌಡರು ಜೀಪಿನಲ್ಲಿ ಸಾಹೇಬರ ಜೊತೆಗೇ ಬಂದಿಳಿದರು. ನನ್ನನ್ನು ಕಂಡೊಡನೆ ಮೆಲ್ಲಗೆ, ‘ಎತ್ತು ಬರದೀರಿಲ್ಲೋ?’ ಎಂದು ಕೇಳಿದರು. ‘ಬರದೀನ್ರಿ, ದಪ್ಪಂದಾ ಬರದೀನಿ’ ಎಂದೆ. ಊರಿನವರು ಮುಂದೆ ಕೂತಿದ್ದರು. ಕೇರಿಯವರು ಹಿಂದೆ, ಬೇಲಿಯ ಬಳಿ, ಬೇರೆಯಾಗಿ ಕೂತಿದ್ದರು. ದುರಗವ್ವನೂ ಇದ್ದಳು.

ಸಾಹೇಬರು ಹಗ್ಗ ಎಳೆದರು, ತಾಡಪತ್ರಿ ಬಿತ್ತು. ಜನ ‘ಹೋ’ ಎನ್ನಲು ಬಾಯಿ ತೆರೆದವರು ಹಾಗೇ ಉಳಿದರು. ಸಾಹೇಬರಿಗೆ ಅದರ ಪರಿವೆ ಇರಲಿಲ್ಲ. ಹತ್ತಿರ ಹೋದರು, ದೂರ ಬಂದರು. ‘ಭಾಳ ಛಲೋ. ಈ ಹಗ್ಗ ಹಿಡದಾಕಿ ಮುಖದಾಗ ಜೀವ ಐತಿ. ಯಾರೀಕಿ?’ ಎಂದರು. ಹೆಡ್ ಮಾಸ್ತರು ತಮ್ಮ ಚಪ್ಪಲಿ ನೋಡತೊಡಗಿದರು. ಸಾಹೇಬರು ತಲೆಯೆತ್ತಿ ಜನರ ಕಡೆ ಕಣ್ಣಾಡಿಸಿದವರು ಬೇಲಿಯ ಬಳಿ ನೋಟ ನಿಲ್ಲಿಸಿದರು.

‘ಅಗೋ, ಅಲ್ಲೇ ಕುಂತಾಳಲ್ಲ! ಗೌಡ್ರ, ಕೇರಿಯವ್ರೂ ಇದಾ ಬಾವ್ಯಾಗ ನೀರು ಸೇದತಾರೇನ್ರಿ?’

ಅವರು ತಿಳಿದೇ ಕೇಳಿದರೋ, ತಿಳಿಯದೆ ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೋಣೆಗಳ ಮಂಜೂರಾತಿ ಅವರ ಕೈಯಲ್ಲಿತ್ತು. ಕಾನೂನು ಏನು ಹೇಳುತ್ತದೆ ಎಂದು ಗೌಡರಿಗೂ ಗೊತ್ತಿತ್ತು. ಇಡೀ ಊರು ಅವರ ಬಾಯಿಯನ್ನೇ ನೋಡುತ್ತಿತ್ತು. ಗೌಡರು ಮೀಸೆ ಒರೆಸಿಕೊಂಡು, ವೇದಿಕೆಯ ದನಿಯಲ್ಲೇ ಹೇಳಿದರು: ‘ಹೌದ್ರಿ ಸಾಹೇಬ್ರ. ಸೇದತಾರ. ನಮ್ಮೂರಾಗ ಭೇದ ಇಲ್ರಿ.’

ಜೀಪು ಹೋದ ಮೇಲೆ ಗೌಡರು ನನ್ನ ಮುಂದೆ ಬಂದು ನಿಂತರು. ‘ನನ್ನ ಬಾಯಿ ಕಟ್ಟಿದ್ರಿ ಮಾಸ್ತರ.’

‘ಮಾತು ನೀವಾ ಆಡೀರಿ ಗೌಡ್ರ. ನಿಮ್ಮ ಮಾತಂದ್ರ ಮಾತು ಅಂತ ಹತ್ತೂರಾಗ ಹೇಳ್ತಾರ.’

ಅವರು ನನ್ನನ್ನು ತಿನ್ನುವಂತೆ ನೋಡಿ ಹೋದರು. ಗೋಡೆಗೆ ಸುಣ್ಣ ಹೊಡೆಸುತ್ತಾರೆ ಎಂದುಕೊಂಡೆ. ಹೊಡೆಸಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕೊಡ ಹಿಡಿದು ಬಾವಿಗೆ ಹೋದಾಗ, ದುರಗವ್ವ ಬೇವಿನ ಗಿಡದ ಹತ್ತಿರ ನಿಲ್ಲದೆ ನೇರವಾಗಿ ನಡೆದು ಬಂದು ಕಟ್ಟೆ ಏರಿದಳು. ಹೆಗಲ ಮೇಲೆ ತನ್ನದೇ ಹಗ್ಗ. ಹೆಂಗಸರು ಕೊಡ ಎಳೆದುಕೊಂಡು ಹಿಂದೆ ಸರಿದರು. ಯಾರೋ ಒಬ್ಬ, ‘ಏ, ಇಳೀ ಕೆಳಗ!’ ಎಂದು ಕೂಗಿದ. ದುರಗವ್ವ ತಿರುಗಿ, ‘ನಿನ್ನಿ ಗೌಡ್ರು ಸಾಹೇಬ್ರ ಮುಂದ ಹೇಳ್ಯಾರ, ಕೇಳಿಲ್ಲೇನು?’ ಎಂದಳು. ಹಗ್ಗವನ್ನು ಗಾಲಿಗೆ ಏರಿಸಿದಳು. ಅವನು ಗೌಡರ ಮನೆಗೆ ಓಡಿದ. ನಾನು ಅವಳ ಪಕ್ಕಕ್ಕೆ ಹೋಗಿ ಕಟ್ಟೆಯ ಮೇಲೆ ನನ್ನ ಕೊಡ ಇಟ್ಟು ನಿಂತೆ. ಎಲ್ಲರೂ ಗೌಡರ ದಾರಿ ಕಾದರು. ಗೌಡರು ಬರಲಿಲ್ಲ, ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ದುರಗವ್ವ ಕೊಡ ತುಂಬಿಕೊಂಡು ಹೋದಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ನಾನು ಬೋರ್ಡು ಬರೆಯುವವನೇ ಆದೇನು. ಊರಿನವರು ಆ ಬಾವಿ ಬಿಟ್ಟು ಹೊಲದ ಬಾವಿಗೆ ಹೋಗತೊಡಗಿದರು. ದುರಗವ್ವನನ್ನು ಊರಿನವರು ಯಾರೂ ಹೊಲದ ಕೂಲಿಗೆ ಕರೆಯಲಿಲ್ಲ. ಅವಳು ಪಕ್ಕದ ಹಳ್ಳಿಗಳಿಗೆ ನಡೆದು ಹೋಗಿ ದುಡಿದಳು. ಶಾಲೆಯ ಕೆಲಸ ಮಾತ್ರ ತಪ್ಪಿಸಲು ನಾನು ಬಿಡಲಿಲ್ಲ. ಆಶ್ಚರ್ಯವೆಂದರೆ ಹೆದರುವ ಶರಣಪ್ಪನವರೂ ಆ ವಿಷಯದಲ್ಲಿ ನನ್ನ ಜೊತೆ ನಿಂತರು. ಕೇರಿಯ ಉಳಿದ ಹೆಂಗಸರು ಮೊದಮೊದಲು ಹತ್ತಿರ ಬರಲೇ ಇಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಂದು ಹಗ್ಗ ಹಿಡಿದರು. ನನ್ನ ವರ್ಗಾವಣೆಗೆ ಅರ್ಜಿ ಹೋಯಿತು ಎಂಬ ಸುದ್ದಿಯೂ ಬಂತು. ನಾನು ಪೆಟ್ಟಿಗೆ ಕಟ್ಟಿಟ್ಟುಕೊಂಡೇ ಪಾಠ ಮಾಡಿದೆ.

ಆಮೇಲೆ ಬೇಸಿಗೆ ಬಂತು. ಹೊಲದ ಬಾವಿಯ ನೀರು ಇಳಿದು ಕೆಸರಾಯಿತು. ಊರ ನಡುವಿನ ಬಾವಿಯಲ್ಲಿ ಮಾತ್ರ, ಆಳದಲ್ಲಿ, ತಿಳಿ ನೀರಿತ್ತು. ಒಂದು ಮುಂಜಾನೆ ನಾನು ಹೋದಾಗ ದುರಗವ್ವ ಗಾಲಿಯ ಕೆಳಗೆ ನಿಂತು ಸೇದುತ್ತಿದ್ದಳು. ಕಟ್ಟೆಯಿಂದ ಆಚೆ, ಆ ಬೇವಿನ ಗಿಡದ ನೆರಳಿನಲ್ಲೇ, ಊರಿನ ನಾಲ್ಕಾರು ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು. ಹತ್ತಿರ ಬರಲು ಮನಸ್ಸಿಲ್ಲ, ಹಿಂದೆ ಹೋಗಲು ಮನೆಯಲ್ಲಿ ನೀರಿಲ್ಲ. ಅದು ನನ್ನ ಮಾತಿನ ಜಾಗವಾಗಿರಲಿಲ್ಲ.

ಗುಂಪಿನ ಹಿಂದಿನಿಂದ ಗೌಡರ ತಾಯಿ ಬಸಮ್ಮನವರು ಕೋಲೂರಿಕೊಂಡು ಬಂದರು. ಮನೆಯ ಸೊಸೆ ಬರಲು ಒಲ್ಲೆನೆಂದಳಂತೆ. ಅದಕ್ಕೆ ಸಣ್ಣ ಬಿಂದಿಗೆ ಹಿಡಿದು ತಾವೇ ಹೊರಟಿದ್ದರು. ಯಾರ ಕಡೆಯೂ ನೋಡದೆ ಬಂದು ಕಟ್ಟೆಯ ಅಂಚಿಗೆ ನಿಂತರು. ಮೆಟ್ಟಿಲು ಏರಲು ಆಗುತ್ತಿರಲಿಲ್ಲ, ಹಗ್ಗ ಜಗ್ಗುವ ವಯಸ್ಸೂ ಅಲ್ಲ.

ದುರಗವ್ವ ಮೇಲೆ ಬಂದ ಕೊಡವನ್ನು ಹಿಡಿದು ತಿರುಗಿದಳು. ಆಕೆ ಕಟ್ಟೆಯ ಮೇಲೆ, ಬಸಮ್ಮನವರು ಕೆಳಗೆ.

‘ಹೊಯ್ಯಲೇನ್ರಿ ಅವ್ವಾರ?’ ಎಂದು ಕೇಳಿದಳು.

ಬಸಮ್ಮನವರು ಕೋಲನ್ನು ಕಟ್ಟೆಗೆ ಒರಗಿಸಿ, ಎರಡೂ ಕೈಯಲ್ಲಿ ಬಿಂದಿಗೆ ಎತ್ತಿ ಹಿಡಿದು, ‘ಹೊಯ್ಯವ್ವಾ’ ಎಂದರು.